ಏಳನೆಯ ಸಲದ ಹೊಲಿಗೆ

ಜೂನ್ 3, ಮಂಗಳವಾರ

ಇವತ್ತು ಬೈಂಡಿಂಗಿಗೆ ಹದಿನಾಲ್ಕು ಪುಸ್ತಕ. ಎರಡು ನಿಘಂಟು, ಒಂದು ಕಾನೂನಿನದು, ಉಳಿದದ್ದೆಲ್ಲ ಕಾದಂಬರಿ. ಕೊನೆಗೆ ಅದೂ ಬಂತು. ಲೈಬ್ರೇರಿಯನ್ ನನ್ನ ಮೇಜಿನ ಮೇಲಿಟ್ಟು, ಜನ ಓದಿ ಓದಿ ಇದನ್ನು ಹಿಂಡಿ ಹಿಪ್ಪೆ ಮಾಡಿದ್ದಾರೆ ಎಂದರು. ಬೆನ್ನು ಹರಿದಿದೆ, ಹಾಳೆಗಳು ಕಿತ್ತುಬಂದಿವೆ. ನಾನು ಇದಕ್ಕೆ ಹೊಲಿಗೆ ಹಾಕುತ್ತಿರುವುದು ಏಳನೆಯ ಸಲ. ಬರೆದವರು ಒಂದು ಕಾಲಕ್ಕೆ ನನ್ನ ಗಂಡ. ಇಲ್ಲಿ ಯಾರಿಗೂ ಗೊತ್ತಿಲ್ಲ.

ಮತ್ತೆ ಮತ್ತೆ ಓದುವ ಪುಸ್ತಕ ಯಾವುದು ಎಂದು ಓದುಗರಿಂದ ಚೀಟಿ ಬರೆಸಿದ್ದರಂತೆ. ಇದೇ ಮೊದಲು ಬಂದಿದೆ. 28ಕ್ಕೆ ಸಮಾರಂಭ, ಲೇಖಕರೇ ಬರುತ್ತಾರೆ. ಅಷ್ಟರೊಳಗೆ ಹೊಸ ರಟ್ಟು, ಬಂಗಾರದ ಅಕ್ಷರ. ಆಯಿತು ಎಂದೆ. ಇನ್ನೇನು ಹೇಳಲಿ.

ಜೂನ್ 5

ಪುಟ 112ರ ಅಂಚು ಬೆರಳಾಡಿ ಕಪ್ಪಾಗಿದೆ. ಎಲ್ಲರೂ ಅಳುವುದು ಅಲ್ಲೇ. ನಾಲ್ಕು ವರ್ಷದ ಮಗಳಿಗೆ ಜ್ವರ. ತಾಯಿ ಗೆಳತಿಯ ಮದುವೆಗೆ ಹೊರಟುಹೋಗುತ್ತಾಳೆ. ತಂದೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತಾನೆ. ಆಗಲೇ ಕೈಮೀರಿರುತ್ತದೆ.

ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ: 'ಇವಳೂ ಒಬ್ಬ ತಾಯಿಯೇ?' ಕೆಳಗೆ ಇನ್ನೊಬ್ಬರು, ಇಂಕಿನಲ್ಲಿ: 'ಅಲ್ಲ.' ರಬ್ಬರಿನಿಂದ ಉಜ್ಜಿದೆ. ಪೆನ್ಸಿಲ್ ಹೋಯಿತು. ಇಂಕು ಹೋಗಲಿಲ್ಲ.

ನಡೆದದ್ದನ್ನು ಇಲ್ಲಾದರೂ ಬರೆದಿಡುತ್ತೇನೆ. ಅವತ್ತು ನಾನು ಹೋದದ್ದು ಮದುವೆಗಲ್ಲ, ಕೆಲಸಕ್ಕೆ, ಪ್ರೆಸ್ಸಿಗೆ. ಪಠ್ಯಪುಸ್ತಕದ ಸೀಸನ್, ರಜೆ ಕೊಡಲಿಲ್ಲ. ಎರಡು ಗಂಟೆಗೊಮ್ಮೆ ಔಷಧಿ ಕುಡಿಸಿ ಎಂದು ಎರಡೆರಡು ಸಲ ಹೇಳಿ ಹೋದೆ. ಅವರು ಬರೆಯಲು ಕೂತರು... ಕೋಣೆಯ ಬಾಗಿಲು ಹಾಕಿಕೊಂಡು. ಸಂಜೆ ಬಂದು ನೋಡಿದರೆ ಬಾಟಲಿಯ ಸೀಲು ಒಡೆದೇ ಇಲ್ಲ. ಮಗುವನ್ನೆತ್ತಿಕೊಂಡು ಓಡಿದವಳು ನಾನು.

ಜೂನ್ 11

ನರ್ಸಮ್ಮ ಬಂದಿದ್ದರು. ರಿಟೈರ್ ಆದ ಮೇಲೆ ದಿನವೂ ಲೈಬ್ರರಿಗೆ ಬರುತ್ತಾರೆ, ನನ್ನ ಜೊತೆ ಕೂತು ಚಹಾ ಕುಡಿಯುತ್ತಾರೆ. ಆ ಪುಸ್ತಕ ಯಾವಾಗ ಸಿಗುತ್ತದೆ ಎಂದು ವಿಚಾರಿಸಿದರು. ವರ್ಷಕ್ಕೊಮ್ಮೆ ಓದಲೇಬೇಕಂತೆ. ಹನ್ನೊಂದು ಸಲ ಆಗಿದೆಯಂತೆ. ಯಾಕೆ ಎಂದೆ.

"ಒಂದ್ಸಲ ಅತ್ರೆ ಎದೆ ಹಗುರಾಗುತ್ತೆ ಕಣ್ರೀ. ಆ ತಂದೆ ಇದಾನಲ್ಲ, ಅಂಥೋರು ಈಗ ಎಲ್ಲಿ ಸಿಗ್ತಾರೆ? ಅವಳು ಬಿಡಿ, ಕಲ್ಲು."

ತಲೆಯಾಡಿಸಿದೆ. ಲೋಟ ತೊಳೆದಿಟ್ಟೆ. ಅವರದನ್ನೂ.

ಜೂನ್ 19

ಹೇಳಿಬಿಟ್ಟೆ. ನರ್ಸಮ್ಮ ಮತ್ತೆ ಅದೇ ರಾಗ ತೆಗೆದಿದ್ದರು. ತಡೆಯಲಾಗಲಿಲ್ಲ.

"ಆ ಕಲ್ಲು ನಾನೇ, ನರ್ಸಮ್ಮ."

ಎಲ್ಲ ಹೇಳಿದೆ — ಪ್ರೆಸ್ಸು, ಬಾಗಿಲು, ಬಾಟಲಿ. ಅವರು ಚಹಾದ ಲೋಟ ಪಕ್ಕಕ್ಕಿಟ್ಟರು. ನನ್ನ ಕೈ ಹಿಡಿದುಕೊಂಡರು. ಸದ್ಯ, ಒಬ್ಬರಿಗಾದರೂ ಮುಟ್ಟಿತಲ್ಲ ಎಂದುಕೊಂಡೆ. ಆಮೇಲೆ ಮೆಲ್ಲಗೆ ಕೇಳಿದರು:

"ಬೇಜಾರು ಮಾಡ್ಕೋಬೇಡಿ. ನೀವು ಆ ಮದುವೆಗೆ ಹೋಗ್ದೇ ಇದ್ದಿದ್ರೆ ಮಗು ಉಳೀತಿತ್ತಲ್ವಾ?"

ಊರ ಬಾಯಿಯಾದರೂ ಒಂದು ದಿನ ದಣಿಯುತ್ತದೆ. ಅಚ್ಚಾದದ್ದಕ್ಕೆ ದಣಿವೇ ಇಲ್ಲ.

ಜೂನ್ 28, ಸಂಜೆ 6

ಬಂದಿದ್ದರು. ತಲೆ ಪೂರ್ತಿ ನೆರೆತಿದೆ. ವೇದಿಕೆಯಲ್ಲಿ ಪುಟ 112 ಓದಿದರು. ಎಲ್ಲಿ ಗಂಟಲು ಕಟ್ಟಬೇಕೋ ಅಲ್ಲೇ ಕಟ್ಟಿತು. ಮುಂದಿನ ಸಾಲಿನಲ್ಲಿ ನರ್ಸಮ್ಮನ ಬಿಕ್ಕು.

ಬೈಂಡಿಂಗ್ ಚೆನ್ನಾಗಿದೆ, ಮಾಡಿದವರನ್ನು ನೋಡಬೇಕು ಎಂದರಂತೆ. ಒಬ್ಬರೇ ಒಳಗೆ ಬಂದರು. ನೋಡಿ, ಅಲ್ಲೇ ನಿಂತರು. ಚೆನ್ನಾಗಿದ್ದೀಯಾ ಎಂದರು. ನನ್ನದು ಒಂದೇ ಪ್ರಶ್ನೆ.

"ಆ ಬಾಟ್ಲಿ ನೀವು ಮುಟ್ಟಿರ್ಲೇ ಇಲ್ಲ. ನೆನಪಿದೆಯಲ್ಲ?"

ನಾಚಿಕೆಗೋ ಸಿಟ್ಟಿಗೋ ಕಾದೆ. ಎರಡೂ ಬರಲಿಲ್ಲ. ಕಕ್ಕಾಬಿಕ್ಕಿಯಾಗಿ ನನ್ನನ್ನೇ ನೋಡಿದರು.

"ಯಾವ ಬಾಟ್ಲಿ? ಮಗೂನ ಹೊತ್ಕೊಂಡು ಓಡಿದ್ದು ಇವತ್ತಿಗೂ ನನ್ನ ಹೆಗಲಿಗೆ ಗೊತ್ತು. ನೀನು ಇರ್ಲಿಲ್ಲ. ಆ ಪುಟ ಎಷ್ಟು ಸಲ ಓದಿದೀನೋ ಲೆಕ್ಕವೇ ಇಲ್ಲ."

ಸುಳ್ಳು ಹೇಳುವಾಗ ಅವರ ಬಲಗಣ್ಣು ಅದುರುತ್ತಿತ್ತು. ಹತ್ತು ವರ್ಷ ಸಂಸಾರ ಮಾಡಿದ್ದೇನೆ, ಅಷ್ಟು ಗೊತ್ತು. ಇವತ್ತು ಅದುರಲಿಲ್ಲ.

ಜುಲೈ 9

ಇಷ್ಟು ದಿನ ಬರೆಯಲಾಗಲಿಲ್ಲ. ಆ ಪ್ರತಿ ನರ್ಸಮ್ಮನ ಮನೆಗೆ ಹೋಗಿದೆ — ಹನ್ನೆರಡನೆಯ ಸಲ. ಸಮಾರಂಭಕ್ಕೆಂದು ಲೈಬ್ರರಿ ಹೊಸದಾಗಿ ತರಿಸಿದ್ದ ಇನ್ನೊಂದು ಪ್ರತಿ ನಾನು ತಂದಿದ್ದೇನೆ. ಏಳು ಸಲ ಹೊಲಿದರೂ ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಈಗ ನಾಲ್ಕು ಸಲ ಆಯಿತು. ಅವರ ಒಂದೊಂದು ಸುಳ್ಳಿನ ಎದುರಿಗೆ ನಿಜವನ್ನು ಬರೆದಿಡಬೇಕು. ಅದಕ್ಕಾಗಿ.

ಮದುವೆ — ಸುಳ್ಳು. ಪ್ರೆಸ್ಸು.

ಓಡಿದ್ದು ಅವರು — ಸುಳ್ಳು. ನಾನು.

ಮಗುವಿಗೆ ಹಳದಿ ಫ್ರಾಕು, ತೋಳಿಗೆ ಬಿಳಿ ಲೇಸು — ಸುಳ್ಳು. ಹಳದಿ ಫ್ರಾಕು ನಮ್ಮ ಮನೆಯಲ್ಲಿ ಇರಲೇ ಇಲ್ಲ. ಅವತ್ತು ಬೆಳಿಗ್ಗೆ ತೊಡಿಸಿದವಳು ನಾನು. ಬೆನ್ನ ಹಿಂದೆ ಮೂರು ಗುಂಡಿ, ಹಾಕಿದ್ದು ಬೆರಳಿಗೆ ನೆನಪಿದೆ. ಕಣ್ಣು ಮುಚ್ಚಿದೆ. ಹಳದಿಯೇ ಬಂತು. ಮತ್ತೆ ಮುಚ್ಚಿದೆ...

ಇಲ್ಲ. ಅವತ್ತು ನಾನು ತೊಡಿಸಿದ್ದರ ಬಣ್ಣ...