ಚೋಟು ಮಲಗುತ್ತಿಲ್ಲ

ಭಾನುವಾರ, ಮಾರ್ಚ್ ೯

ಪ್ರೀತಿಯ ಉದ್ದಜಡೆ,

ಚೆನ್ನಾಗಿದ್ದೀಯಾ? ನಿನ್ನ ಜನವರಿಯ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಆಸ್ಪತ್ರೆಯ ಲಾಂಡ್ರಿಯಲ್ಲಿ ನೀನು ನಿಲ್ಲುತ್ತಿದ್ದ ಇಸ್ತ್ರಿ ಮೆಷಿನ್ನಿನ ಮುಂದೆ ಈಗ ನಾನು ನಿಲ್ಲುತ್ತೇನೆ. ನಿನ್ನೆ ನಿಂತಲ್ಲೇ ತೂಕಡಿಸಿ ಒಂದು ದಿಂಬಿನ ಚೀಲ ಸುಟ್ಟುಹಾಕಿದೆ. "ಏನ್ ಬಾಯಿಬಡುಕಿ, ಮನೇಲಿ ನಿದ್ದೆ ಮಾಡಲ್ವಾ?" ಅಂದ ಮೇಸ್ತ್ರಿ. ಮಾಡಲ್ಲ ಕಣೇ. ಚೋಟು ಮಲಗಿದರೆ ತಾನೇ ನಾನು ಮಲಗುವುದು!

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಕೆಲಸ ಹುಡುಕಿಕೊಂಡು ದೂರ ಹೋಗುವಾಗ ನೀನು ನನ್ನ ಮಡಿಲಿಗೆ ಹಾಕಿ ಹೋದ ನಿನ್ನ ಕೂಸು ಚೋಟು, ಹತ್ತು ತುಂಬುವ ಮೊದಲೇ ಮೈನೆರೆದಿದ್ದಾಳೆ. ನಾನು ಹೆತ್ತ ಮಗಳು ಚೋಟುವಿಗಿಂತ ಹಿರಿಯಳು; ಆದರೂ ಇನ್ನೂ ಏನೂ ಇಲ್ಲ, ಕೊರಡಿನ ಹಾಗೆ ಬಿದ್ದುಕೊಂಡು ನಿದ್ದೆ ಹೊಡೆಯುತ್ತಾಳೆ. ಚೋಟು ಮಾತ್ರ ಗೋಡೆಗೊರಗಿ ಕೂತಿರುತ್ತಾಳೆ. ಕಣ್ಣು ಎಳೆದರೆ ತೋಳು ಚಿವುಟಿಕೊಳ್ಳುತ್ತಾಳೆ, ತೋಳೆಲ್ಲ ನೀಲಿಗಟ್ಟಿದೆ. ಮೊನ್ನೆ ಶಾಲೆಯ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದಳು.

"ಅವರ ಜನವೇ ಹಂಗೆ, ಬೇಗ ಬೆಳೀತಾರೆ, ರಾತ್ರಿಯೆಲ್ಲ ಎದ್ದಿರ್ತಾರೆ" ಎಂದು ನಿಮ್ಮವರನ್ನು ಆಡಿಕೊಂಡರು ನಮ್ಮತ್ತೆ. "ಹಗಲೆಲ್ಲ ಮಲಗ್ತೀರಲ್ಲ, ನೀವು ಯಾವ ಜನ?" ಅಂದೆ. ಎರಡು ದಿನ ಮಾತು ಬಿಟ್ಟರು, ಅಷ್ಟು ನೆಮ್ಮದಿ.

ಡಾಕ್ಟರಮ್ಮನಿಗೂ ಒಗಟಾಗಿದೆ. "ಮೈ ಬೆಳೆಯೋ ಹೊತ್ತಲ್ಲಿ ನಿದ್ದೆ ಏರುಪೇರಾಗೋದುಂಟು. ಆದರೆ ಎಲ್ಲ ಜನಾಂಗದ ಹುಡುಗಿಯರಿಗೂ ಒಂದೇ ಅಳತೆ ಹಿಡಿಯೋಕಾಗಲ್ಲ. ಹೆತ್ತ ತಾಯಿಗೆ ಎಷ್ಟನೇ ವಯಸ್ಸಿಗಾಯ್ತು?" ಎಂದು ಕೇಳಿದರು. ಊರೆಲ್ಲ ಜಗಳ ಗೆಲ್ಲುವ ನಾನು, ಕೇಳಿ ತಿಳಿಸುತ್ತೇನೆ ಎಂದು ಎದ್ದು ಬಂದೆ. ಚೋಟುವಿಗೆ ಯಾವಾಗ ಜ್ವರ ಬಂತು, ಯಾವ ಹಲ್ಲು ಮೊದಲು ಬಿತ್ತು, ಎಲ್ಲ ಗೊತ್ತು. ಅವಳ ರಕ್ತದ ಸುದ್ದಿ ಮಾತ್ರ ಗೊತ್ತಿಲ್ಲ. ಒಂದೇ ಡಬ್ಬಿಯಲ್ಲಿ ಉಂಡವರು ನಾವು, ಇದನ್ನೊಂದು ಮಾತಾಡಿರಲಿಲ್ಲ.

ನಿನಗೆ ಯಾವ ವಯಸ್ಸಿಗಾಯಿತು? ನಿನ್ನ ಅಮ್ಮನಿಗೆ, ಅಕ್ಕಂದಿರಿಗೆ? ಆಗ ನಿಮಗೆ ನಿದ್ದೆ ಬರುತ್ತಿತ್ತಾ? ನಾಚಿಕೆ ಪಕ್ಕಕ್ಕಿಟ್ಟು ಬರೆ. ನಿನ್ನ ಕಾಲಿಗೆ ಬೀಳುತ್ತೇನೆ, ತಡ ಮಾಡಬೇಡ.

ನೀನು ಎಲ್ಲಿದ್ದರೂ ತಣ್ಣಗಿರು.

ನಿನ್ನ,
ಬಾಯಿಬಡುಕಿ

ತಾ.ಕ.: ಕಾಗದ ಮಡಚುತ್ತಿದ್ದೆ, ಚೋಟು ಬಂದು "ಯಾರಿಗಮ್ಮ?" ಅಂದಳು. ನಿನ್ನ ಹೆಸರು ಹೇಳಿದೆ. ಹುಡುಗಿಯ ಮುಖ ಬಿಳಿಚಿಹೋಯಿತು. "ನಾನು ಬೆಳೆದಿದ್ದೀನಿ ಅಂತ ಬರೀಬೇಡಮ್ಮ" ಎಂದು ನನ್ನ ಸೆರಗು ಹಿಡಿದುಕೊಂಡಳು. "ಅವಳು ಬೆಳೆದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ" ಎಂದು ನೀನು ಜನವರಿಯಲ್ಲಿ ಬರೆದಿದ್ದೆಯಲ್ಲ, ಅದನ್ನು ನನ್ನ ಗಂಡನಿಗೆ ಓದಿ ಹೇಳುವಾಗ ಕೇಳಿಸಿಕೊಂಡಿದ್ದಾಳೆ. ಮಲಗಿದ ಮಕ್ಕಳು ಬೇಗ ಬೆಳೆಯುತ್ತಾರೆ ಎಂದು ದಿನಾ ಬೆನ್ನು ತಟ್ಟಿ ಮಲಗಿಸಿದವಳು ನಾನೇ. "ಇನ್ಮೇಲೆ ಬೆಳೆಯಲ್ಲಮ್ಮ, ಎದ್ದೇ ಇರ್ತೀನಿ" ಅಂದಳು ಕಣೇ.

ಡಾಕ್ಟರಮ್ಮ ಕೇಳಿದ್ದಕ್ಕೆ ಉತ್ತರ ಬರೆ. ಅದರ ಕೆಳಗೆ, ಅವಳೇ ಓದಿಕೊಳ್ಳುವ ಹಾಗೆ ದಪ್ಪಕ್ಷರದಲ್ಲಿ, ಕರೆದುಕೊಂಡು ಹೋಗಲು ಬರುವುದಿಲ್ಲ ಎಂದೂ ಬರೆ. ಹೆತ್ತವಳ ಹತ್ತಿರ ಇದನ್ನು ಕೇಳಬಾರದು, ಗೊತ್ತು. ಆದರೆ ಮಗು ಮಲಗಬೇಕು.