ಮೀಸಲು ತೊಗರಿ

ಹುಣಸಗಿ
೧೯ ಮೇ ೨೦೧೯, ರವಿವಾರ

ಚಿರಂಜೀವಿ ಜಗದೇವನಿಗೆ,

ನಿನ್ನ ಅಕ್ಕ ದೇವಕ್ಕ ಮಾಡುವ ಆಶೀರ್ವಾದ. ಇಲ್ಲಿ ನಾವೆಲ್ಲ ನೆಟ್ಟಗಿದ್ದೇವೆ. ನೀನು, ಹೆಂಡತಿ, ಮಕ್ಕಳು ಹೈದರಾಬಾದಿನ ಬಿಸಿಲಲ್ಲಿ ಹೇಗಿದ್ದೀರೋ ಏನೋ. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೊದಲು ಸಿಟ್ಟಿತ್ತು, ಬರೆಯಲಿಲ್ಲ. ಆಮೇಲೆ ಎಲೆಕ್ಷನ್ ಡ್ಯೂಟಿ ಬಂತು, ಬರೆಯಲಿಲ್ಲ. ಈಗ ಸಾಲಿಗೆ ಬೇಸಿಗೆ ಸೂಟಿ ಇದೆ, ಪಾಠ ಹೇಳುವುದಿಲ್ಲ, ಸಿಟ್ಟೂ ಹಾಗೇ ಇದೆ, ಅಂತೂ ಕೂತಿದ್ದೇನೆ. ಫೋನು ಯಾಕೆ ಮಾಡಲಿಲ್ಲ ಅಂತ ಮಾತ್ರ ಕೇಳಬೇಡ. ಜನವರಿಯಲ್ಲಿ ಎಳ್ಳ ಅಮಾಸಿ ಮುಗಿದಾಗಿನಿಂದ ಮಾಡುತ್ತಲೇ ಇದ್ದೇನೆ, ನೀನು ಎತ್ತುತ್ತಿಲ್ಲ. ಪತ್ರವಾದರೆ ಕಟ್ ಮಾಡಲು ಬರುವುದಿಲ್ಲವಲ್ಲ.

ಮೊದಲು ಸುದ್ದಿ ಹೇಳುತ್ತೇನೆ. ನಿಮ್ಮ ಬೀಜ ಸಂಶೋಧನೆಯ ಆಫೀಸಿನವರು ಹೋದ ತಿಂಗಳು ಬಂದು ಹೊಲದಲ್ಲಿದ್ದ ಬೋರ್ಡು, ಪರದೆ, ಗೂಟ ಎಲ್ಲಾ ಕಿತ್ತುಕೊಂಡು ಹೋದರು. ಅವರಿಗೆ ಚಹಾ ಮಾಡಿಕೊಟ್ಟೆ. ನಿನ್ನ ಮಾವ, ನಮ್ಮ ಮನೆಯವರು, ಗೂಟ ಕಿತ್ತ ಕುಣಿಗಳಿಗೆ ಮಣ್ಣು ತುಂಬಿದರು. ಆ ಹೊಲ ಕಾಲುವೆಯ ಕೆಳಗಿದೆ, ನೀರು ಬಸಿದು ಬಸಿದು ಅಲ್ಲಿ ತೊಗರಿ ಹೂ ಬಿಡುವಷ್ಟರಲ್ಲಿ ಸೊರಗು ರೋಗ ಬಿದ್ದು ನಿಂತಲ್ಲೇ ಒಣಗುತ್ತದೆ ಅಂತ ನಾವೇ ನಿನಗೆ ಹೇಳಿದ್ದೆವು. ಸುತ್ತಲಿನವರೆಲ್ಲ ಭತ್ತಕ್ಕೆ ತಿರುಗಿದ್ದರು, ಇವರೂ ತಿರುಗುವವರಿದ್ದರು. ಆಗ ನೀನು ಬಂದು, ರೋಗ ತುಂಬಿದ ಹೊಲವೇ ನನಗೆ ಬೇಕು, ಇಲ್ಲಿ ಉಳಿದ ಗಿಡ ಎಲ್ಲಿಯಾದರೂ ಉಳಿಯುತ್ತದೆ, ಇದನ್ನು ಹೀಗೇ ಬಿಡಿ ಮಾವ ಅಂದೆ. ಬಿಟ್ಟರು. ಊರಲ್ಲಿ ಎಲ್ಲರೂ ಭತ್ತ ಬೆಳೆದರೆ ಲಿಂಗಣ್ಣ ರೋಗ ಬೆಳೆಯುತ್ತಾನೆ ಅಂತ ಚೇಷ್ಟೆ ಮಾಡಿದರು. ಅದನ್ನೂ ಕೇಳಿಸಿಕೊಂಡು ನಕ್ಕರು. ಹೆಂಡತಿಯ ತಮ್ಮನ ಮಾತಿಗೆ ಅಷ್ಟು ಬೆಲೆ ಕೊಡುವ ಗಂಡಸರು ನಮ್ಮ ಕಡೆ ಬಹಳ ಇಲ್ಲ, ತಿಳಿದುಕೋ.

ಅವ್ವನ ತೊಗರಿಯನ್ನೇ ನೀನು ಕೇಳಿದಾಗ ನನಗೆ ಎಷ್ಟು ಹಿಗ್ಗಾಗಿತ್ತು ಗೊತ್ತಾ? ಸುರಪುರದ ಕಡೆಯ ಅಪ್ಪನ ಹೊಲ ಕಾಲುವೆ ತೋಡಲು ಹೋದಾಗ ಅವ್ವ ನನ್ನ ಮನೆಗೆ ಬಂದದ್ದು ಒಂದು ಮಣ್ಣಿನ ಗಡಿಗೆ ಹೊತ್ತುಕೊಂಡು. ಒಳಗೆ ಬೂದಿ ಕಲಸಿದ ತೊಗರಿ ಬೀಜ. ಮಗಳ ಮನೆಗೆ ಬರಿಗೈಲಿ ಬಂದೆ ಅನ್ನಿಸಿಕೊಳ್ಳಬಾರದು ಅವಳಿಗೆ. ಆ ಬೇಳೆ ಕುದಿಯಿತೋ ಇಲ್ಲವೋ ಬೆಣ್ಣೆಯಾಗುತ್ತಿತ್ತು, ಆದರೆ ಆ ರೋಗಕ್ಕೆ ಮೊದಲು ಬೀಳುವುದೂ ಅದೇ. ನೀನು ಅದಕ್ಕೆ ರೋಗ ತಡೆಯುವ ಇನ್ನೊಂದು ತಳಿ ಕೂಡಿಸಿದೆ, ಅದರ ಪೀಳಿಗೆಯನ್ನು ನಮ್ಮ ಹೊಲದಲ್ಲಿ ಬಿತ್ತಿದೆ. ಗಿಡ ಗಿಡದಿಂದ ಎಲೆಯ ದುಂಡು ಚೂರು ಕತ್ತರಿಸಿ ಸಣ್ಣ ಕೊಳವೆಗೆ ಹಾಕಿಕೊಂಡು ಹೋದೆ. ಏನು ಮಾಡುತ್ತೀ ಇದನ್ನ ಅಂತ ಅವ್ವ ಕೇಳಿದಳು. ಇದರ ಡಿಎನ್ಎ ಓದುತ್ತೇವೆ, ಎಲೆಯ ಚೂರು ಕೊಟ್ಟರೆ ಸಾಕು, ಈ ಗಿಡಕ್ಕೆ ಅವ್ವನಿಂದ ಏನು ಬಂದಿದೆ, ಅಪ್ಪನಿಂದ ಏನು ಬಂದಿದೆ, ಎಲ್ಲಾ ಹೇಳುತ್ತೇವೆ ಅಂದೆ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಕೂಸಿನ ಮಾರಿ, ಕಣ್ಣು, ಮೂಗು ನೋಡಿ ನಾವೂ ಹೇಳುತ್ತೇವೆ, ಅದಕ್ಕೆ ಇಷ್ಟು ಓದಬೇಕಿತ್ತಾ ಅಂದಳು. ನೀನೂ ನಕ್ಕೆ. ಆ ದಿನ ನಮ್ಮ ಮನೆಯಲ್ಲಿ ಬಹಳ ವರ್ಷದ ಮೇಲೆ ಎಲ್ಲರೂ ಒಂದೇ ಮಾತಿಗೆ ನಕ್ಕಿದ್ದೆವು.

ದಸರೆಯ ಹೊತ್ತಿಗೆ ಆ ಸಾಲುಗಳಲ್ಲಿ ಬಹುಪಾಲು ಒಣಗಿ ಕಡ್ಡಿಯಾಯಿತು. ಹಸಿರಾಗಿ ನಿಂತದ್ದು ಕೆಲವೇ ಗಿಡ. ಎಲೆಯ ಪರೀಕ್ಷೆಯಲ್ಲೂ ಅವೇ ಗೆದ್ದಿದ್ದವು, ನಮ್ಮ ತೊಗರಿಯ ಮೃದುತನ, ಆ ತಳಿಯ ಗಟ್ಟಿತನ ಎರಡೂ ಒಂದೇ ಗಿಡದಲ್ಲಿ ಕೂಡಿದ್ದವು. ಅವಕ್ಕೆ ಕೆಂಪು ಚೀಟಿ ಕಟ್ಟಿದೆ, ಜೇನು ಕೂತು ಬೇರೆ ಗಿಡದ ಹೂವಿನ ಧೂಳಿ ಬೆರೆಯಬಾರದೆಂದು ಪರದೆ ಹೊದಿಸಿದೆ. ಹೋಗುವಾಗ ಅವ್ವನಿಗೆ ಏನು ಹೇಳಿದೆ, ನೆನಪಿದೆಯಾ? ನಾನು ಅಲ್ಲೇ ನಿಂತಿದ್ದೆ.

"ಅವ್ವ, ಇವು ನನ್ನವು. ಯಾರಿಗೂ ಮುಟ್ಟಗೊಡಬ್ಯಾಡ. ಕಾಯಿ ತುಂಬಿದಾಗ ನಾನ ಬರ್ತೀನಿ."

ಇಷ್ಟೇ ಹೇಳಿದೆ. ಬೀಜಕ್ಕೆ ಬೇಕು ಅಂತ ಹೇಳಲಿಲ್ಲ. ಹೇಳಬೇಕು ಅಂತ ನಿನಗೆ ಅನ್ನಿಸಲೂ ಇಲ್ಲ.

ಅಪ್ಪ ಏನು ಮಾಡುತ್ತಿದ್ದ, ಅದನ್ನು ಮರೆತೆಯಲ್ಲೋ. ನೀನು ಸುರಪುರದ ಹಾಸ್ಟೆಲಿನಲ್ಲಿದ್ದಾಗ ಹೊಲದಲ್ಲಿ ಎಲ್ಲಕ್ಕಿಂತ ಹುಲುಸಾದ ತೊಗರಿ ಗಿಡಕ್ಕೆ ಅಪ್ಪ ತಾನು ತಲೆಗೆ ಸುತ್ತುವ ಕೆಂಪು ಪಟಗದ ಚೂರು ಹರಿದು ಕಟ್ಟುತ್ತಿದ್ದ. ಅದು ಜಗದೇವನ ಮೀಸಲು. ಎಳ್ಳ ಅಮಾಸಿಗೆ ನೀನು ಬರುವವರೆಗೆ ದನವೂ ಅದರ ಹತ್ತಿರ ಹೋಗುವಂತಿರಲಿಲ್ಲ, ನಾನೂ ಹೋಗುವಂತಿರಲಿಲ್ಲ. ನೀನು ಬಂದ ದಿನ ಅವ್ವ ಅದನ್ನು ಕೊಯ್ದು ತಂದು, ಹಸಿ ಕಾಯಿ ಉಪ್ಪು ಹಾಕಿ ಕುದಿಸಿ, ನಿನ್ನ ಮುಂದೆ ಸುರಿಯುತ್ತಿದ್ದಳು. ನೀನು ತಿಂದು ಬಿಟ್ಟದ್ದು ನನಗೆ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಸ್ವಲ್ಪ ಇದ್ದರೂ ಇರಲಿ. ಕೆಂಪು ಕಟ್ಟಿದ ಗಿಡ ಅಂದರೆ ನಮ್ಮ ಮನೆಯಲ್ಲಿ ಏನು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಪರದೆ ಯಾಕೆ ಅಂತ ಅವ್ವ ನನ್ನನ್ನು ಕೇಳಲೂ ಇಲ್ಲ, ಅವಳಿಗೆ ತಿಳಿದಿದೆ ಅಂತ ನಾನೂ ಹೇಳಲಿಲ್ಲ. ಮಗ ಗಿಳಿಗೆ ಹೆದರಿ ಹೊದಿಸಿದ್ದಾನೆ ಅಂದುಕೊಂಡಳು.

ಹೇಗೆ ಕಾದಳು ಅಂತ ಕೇಳು. ಹಸಿ ತೊಗರಿ ಕಾಯಿಯನ್ನು ದಾರಿಹೋಕರು ಹರಿದುಕೊಂಡರೆ ನಮ್ಮಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಕಳೆ ತೆಗೆಯಲು ಬರುವ ಮಾನಮ್ಮ ತನ್ನ ಬಸುರಿ ಮಗಳಿಗೆ ಒಂದು ಹಿಡಿ ಕೇಳಿದಳು. ಅವ್ವ ಕೊಡಲಿಲ್ಲ. ಹುಟ್ಟಿದಾಗಿನಿಂದ ಅವ್ವ ಬಸುರಿಗೆ ಇಲ್ಲ ಅಂದದ್ದು ಅದೊಂದೇ ಸಲ. ಮುದುಕಿಗೆ ಈ ವಯಸ್ಸಲ್ಲಿ ಆಸೆ ಬಂತು ನೋಡು ಅಂತ ಊರೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ ಬಿಡು ಅಂದಳು, ಮಂಡಿ ನೋವಿದ್ದರೂ ದಿನಾ ಹೊಲಕ್ಕೆ ಹೋಗಿ ಬಂದಳು.

ಅಮಾಸಿಯ ದಿನ ಹೇಳುತ್ತೇನೆ, ನೀನು ಮರೆತಿರುತ್ತೀ ಅಂತಲ್ಲ, ನನ್ನ ಕಣ್ಣಿಗೆ ಹೇಗೆ ಕಂಡಿತು ಅಂತ ನಿನಗೆ ತಿಳಿಯಲಿ ಅಂತ. ಹಿಂದಿನ ಸಂಜೆ ಬಸ್ಸಿಗೆ ನೀನು ಬಂದೆ. ನಿನ್ನ ಸಾಹೇಬರ ಜೀಪು ಮರುದಿನ ಮಧ್ಯಾಹ್ನ ಹೊಲಕ್ಕೇ ಬರುವುದಿತ್ತು. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋದೆವು. ನಿನ್ನ ಮಾವ ಹೊಲದ ಸುತ್ತ ಅಡಿಗೆಯ ಚರಗ ಚೆಲ್ಲಿ ಭೂಮಿತಾಯಿಗೆ ಕೈಮುಗಿದರು. ಬನ್ನಿ ಗಿಡದ ಕೆಳಗೆ ಕೂತು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಂಡೆವು. ಆಮೇಲೆ ಅವ್ವ ತಾನೊಬ್ಬಳೇ ಬೆಳಿಗ್ಗೆ ಬೇಗ ಬಂದು ಕುದಿಸಿಟ್ಟಿದ್ದ ಕಾಯಿಯ ಬುಟ್ಟಿ ನಿನ್ನ ಮುಂದೆ ಇಟ್ಟಳು. ನೀನು ಸಿಪ್ಪೆ ಸುಲಿದು ಸುಲಿದು ತಿಂದೆ. ಇಷ್ಟು ಸವಿ ಕಾಳು ಎಲ್ಲಿಂದ ತಂದೆ ಅಂತ ನೀನೇ ಕೇಳಿದೆ. ಅವ್ವನ ಮುಖ ನೋಡಬೇಕಿತ್ತು.

"ನಿನ್ನವ ಅದಾವ. ಕೆಂಪು ಕಟ್ಟಿದ್ದೆಲ್ಲ. ಒಂದ ಕಾಯಿ ಸುದ್ದಾ ಯಾರಿಗೂ ಮುಟ್ಟಗೊಟ್ಟಿಲ್ಲ ನಾ."

ನಿನ್ನ ಬಾಯಲ್ಲಿದ್ದದ್ದು ಬಾಯಲ್ಲೇ ಉಳಿಯಿತು. ಎದ್ದು ಓಡಿದೆ. ನಾವೂ ಹಿಂದೆ ಬಂದೆವು. ಪರದೆಗಳನ್ನು ಅವ್ವ ನೀಟಾಗಿ ಮಡಿಚಿ ಬದುವಿನ ಮೇಲೆ ಇಟ್ಟಿದ್ದಳು. ಗಿಡಗಳೆಲ್ಲ ಕುಡುಗೋಲಿನಿಂದ ಮೊಳಕಾಲೆತ್ತರಕ್ಕೆ ಕೊಯ್ದು ಹೋಗಿದ್ದವು, ಮೋಟು ಉಳಿದಿತ್ತು. ನೀನು ಅಲ್ಲಿ ನಿಂತುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು, ಒದರಾಡಿದ್ದರೆ ಚೆನ್ನಾಗಿತ್ತು. ಅವ್ವ ಏನಾಯಿತಪ್ಪಾ, ಏನಾಯಿತಪ್ಪಾ ಅಂತ ನಿನ್ನ ಸುತ್ತ ತಿರುಗಿದರೆ ನೀನು ಅವಳ ಕಡೆ ನೋಡಲಿಲ್ಲ. ಅಷ್ಟರಲ್ಲಿ ಜೀಪು ಬಂತು. ನೀನು ರಸ್ತೆಗೆ ಹೋದೆ, ಸಾಹೇಬರ ಜೊತೆ ಏನೋ ಮಾತಾಡಿದೆ. ನಾನು ಬನ್ನಿ ಗಿಡದ ಹತ್ತಿರ ಪಾತ್ರೆ ಎತ್ತುತ್ತಿದ್ದೆ. ಅವ್ವ ಸಾಹೇಬರಿಗೂ ಆಗಲಿ ಅಂತ ರೊಟ್ಟಿ, ಪಲ್ಯ ಕಟ್ಟಿಕೊಂಡು ಜೀಪಿನ ಕಡೆ ಹೋದಳು. ಬಂದಾಗ ಗಂಟು ಅವಳ ಕೈಯಲ್ಲೇ ಇತ್ತು. ಜೀಪು ಹೋಯಿತು ಅಂದಳು, ಅಷ್ಟೇ. ನಿನ್ನ ಚೀಲ ಇನ್ನೂ ನಮ್ಮ ಪಡಸಾಲೆಯಲ್ಲಿದೆ.

ನೀನು ಕಳೆದುಕೊಂಡದ್ದು ಎಷ್ಟು ಅಂತ ನನಗೆ ತಿಳಿಯುವುದಿಲ್ಲ ಅಂದುಕೊಳ್ಳಬೇಡ. ಅಂಥ ಗಿಡ ಮತ್ತೆ ಕೂಡಿಬರುವುದು ಕಷ್ಟ, ಅದೇ ಕಾಳು ಬಿತ್ತಿದ್ದರೆ ನಮ್ಮಂಥವರ ತೊಗರಿ ಉಳಿಯುತ್ತಿತ್ತು ಅಂತ ಗೊತ್ತು. ಸಿಟ್ಟು ಬರುವುದೂ ಸಹಜ. ಆದರೆ ಅವ್ವನ ಪಾಲಿಗೆ ಅದು ತಪ್ಪು ಅಲ್ಲವಲ್ಲೋ. ನೀನು ಹೇಳಿದಂತೆ ಕಾದಳು, ಅಪ್ಪ ಕಲಿಸಿದಂತೆ ಉಣಿಸಿದಳು. ಆಗಿದ್ದು ಆಯಿತು ಬಿಡವ್ವ ಅಂತ ಒಂದು ಮಾತು ನಿನ್ನ ಬಾಯಿಂದ ಬಂದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಪರದೆ ಗಿಳಿಗಲ್ಲ, ಜೇನಿಗೆ, ಕಾಳು ಬೀಜಕ್ಕೆ ಬೇಕಿತ್ತು ಅಂತ ಆ ಸಂಜೆ ನಾನೇ ಅವಳಿಗೆ ಬಿಡಿಸಿ ಹೇಳಿದೆ. ಬೆಳಗಾದರೆ ಕೊಡ ಎತ್ತಿಕೊಂಡು ಹೊಲಕ್ಕೆ ಹೋದಳು. ಮೋಟುಗಳಿಗೆ ನೀರು ಹಾಕಿದಳು, ದಿನಾ ಹಾಕಿದಳು. ಉಳಿದವು ಸತ್ತವು, ಒಂದು ಚಿಗುರಿತು. ಅದು ಮೊಗ್ಗು ಹಿಡಿದಾಗ ತನ್ನ ತೆಳ್ಳನೆಯ ಹಳೆ ಸೀರೆಯನ್ನು ಹರಿದು ಗೂಟ ನಿಲ್ಲಿಸಿ ಹೊದಿಸಿದಳು, ಜೇನು ಬರಬಾರದಲ್ಲ. ಬೇಸಿಗೆಯಲ್ಲಿ ನಾಲ್ಕಾರು ಕಾಯಿ ಕಚ್ಚಿದವು. ಒಣಗಿದ ಮೇಲೆ ಕೊಯ್ದು ತಂದು ಬೂದಿಯಲ್ಲಿ ಹಾಕಿ ಇಟ್ಟಿದ್ದಾಳೆ. ಒಂದು ಹಿಡಿಯೂ ಆಗುವುದಿಲ್ಲ. ಈ ಪತ್ರದ ಜೊತೆ ಅವನ್ನೇ ಕಳಿಸುತ್ತಿದ್ದೇನೆ. ಸೀರೆಯ ಪರದೆ ನಿಮ್ಮ ಲೆಕ್ಕಕ್ಕೆ ನಡೆಯುತ್ತದೋ ಇಲ್ಲವೋ, ಬಿತ್ತಿ ಎಲೆಯ ಚೂರು ನೋಡಿಕೋ, ನಿನಗೆ ಅದು ಬರುತ್ತದಲ್ಲ.

ಮಿರಗದ ಮಳೆ ಹತ್ತಿರ ಬಂತು. ಭತ್ತಕ್ಕೆ ಹೊಲ ಕೊಡಿ ಅಂತ ಆಂಧ್ರದ ಕಡೆಯಿಂದ ಬಂದ ಕ್ಯಾಂಪಿನವನೊಬ್ಬ ನಿನ್ನ ಮಾವನ ಹಿಂದೆ ಬಿದ್ದಿದ್ದಾನೆ. ಮಳೆ ಬೀಳುವವರೆಗೆ ನೋಡೋಣ ಅಂದಿದ್ದಾರೆ. ಅದಕ್ಕೆ ಮುಂಚೆ ಒಂದು ಸಲ ಬಾ. ಹೊಲ ಬೇಡವಾದರೆ ಬಿಡು, ಅವ್ವನ ಹತ್ತಿರ ಕೂತು ಒಂದು ಮಾತಾಡಿ ಹೋಗು. ಶರಣಬಸಪ್ಪ ದೇವರು ನಿನ್ನನ್ನೂ ಮಕ್ಕಳನ್ನೂ ತಣ್ಣಗಿಟ್ಟಿರಲಿ. ಸಿಟ್ಟಲ್ಲಿ ಬರೆದಿದ್ದರೂ ನಿನ್ನ ಮೇಲಿನ ಜೀವ ಕಡಿಮೆಯಾಗಿಲ್ಲ.

ಇತಿ ನಿನ್ನ ಅಕ್ಕ,
ದೇವಕ್ಕ

ತಾ.ಕ.: ಲಕೋಟೆ ಮುಚ್ಚುವ ಮೊದಲು ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಒಂದು ಸಲ ಬಾ ಅಂತ ಬರೆದದ್ದನ್ನು ಕೇಳಿ, ಅದೊಂದು ತೆಗೆ ಅಂದಳು. ಯಾಕೆ ಅಂತ ಬೆನ್ನು ಬಿದ್ದೆ. ಆಗ ಹೇಳಿದಳು.

ಆ ದಿನ ಅವಳು ಬುತ್ತಿ ಹಿಡಿದುಕೊಂಡು ಜೀಪಿನ ಹಿಂದೆ ನಿಂತಿದ್ದಳಂತೆ. ನೀನು ನೋಡಲಿಲ್ಲ. ಗಿಡ ಕೊಯ್ದವರು ಯಾರು ಅಂತ ಸಾಹೇಬರು ಕೇಳಿದರಂತೆ. ನೀನು ಹೇಳಿದೆಯಂತೆ, "ಖೇತ್ ಕೀ ಮಜದೂರ್ ಹೈ ಸಾಬ್, ಕೋಯೀ ಬುಡ್ಢೀ." ಹೊಲದ ಆಳು, ಯಾರೋ ಒಬ್ಬ ಮುದುಕಿ. ಪಕ್ಕದ ಮನೆಯ ಮದೀನಾಬೀ ಜೊತೆ ಅರ್ಧ ಆಯುಷ್ಯ ಅವಳ ಉರ್ದುವಿನಲ್ಲೇ ಮಾತಾಡಿದ ಅವ್ವನಿಗೆ ಅಷ್ಟು ತಿಳಿಯದೇ ಇರುತ್ತದಾ?

ಇಷ್ಟು ತಿಂಗಳು ಇದನ್ನು ಎದೆಯಲ್ಲಿಟ್ಟುಕೊಂಡು ನಿನ್ನ ಮೋಟಿಗೆ ನೀರು ಹೊತ್ತಿದ್ದಾಳೆ. ನಾನು ಅತ್ತರೆ ನನ್ನನ್ನೇ ಸಮಾಧಾನ ಮಾಡಿದಳು. ಅವನೇನು ಸುಳ್ಳು ಹೇಳಿದನಾ, ನಿಮ್ಮಪ್ಪನ ಹೊಲದಲ್ಲಿ ಆಳಾಗಿಯೇ ದುಡಿದೆನಲ್ಲ ಅಂದಳು. ಮಾನಮ್ಮನೂ ಆಳೇ ಜಗದೇವ. ಅವಳ ಮಗ ನಾಲ್ಕು ಮಂದಿಯ ನಡುವೆಯೂ ಅವಳನ್ನು ಅವ್ವ ಅಂತಲೇ ಕರೆಯುತ್ತಾನೆ.

ಕಾಳು ಕಳಿಸುವುದಿಲ್ಲ ಅಂತ ನಾನು ಹಟ ಹಿಡಿದೆ. ಒಲೆಗೆ ಹಾಕುತ್ತೇನೆ ಅಂದೆ. ಅವ್ವ ನನ್ನ ಕೈಯಿಂದ ಗಂಟು ಕಸಿದುಕೊಂಡು ತಾನೇ ಲಕೋಟೆಯೊಳಗೆ ಇಟ್ಟಳು.

"ಕಳಸು. ಹೊಲದ ಆಳು ಕಳಿಸ್ಯಾಳ ಅಂತ ಬರಿ."

ಬರೆದಿದ್ದೇನೆ.