ಬೈರಾಸು ಹೊದ್ದ ಸ್ಕ್ರೀನ್

ಆಗಸ್ಟ್ 5, ಮಂಗಳವಾರ. ಮಧ್ಯಾಹ್ನ

ಜೋರು ಕುಣಿತದ ಏರು ಪದ್ಯಕ್ಕೆ ಚಂಡೆ ಕೂರಿಸಿ ಮುಗಿಯಿತು. ಊಟ ತಣ್ಣಗಾಗಿದೆ. ಆಗಲಿ.

ಚಂದ್ರಮತಿಯಕ್ಕನ ಮಹಿಳಾ ಯಕ್ಷಗಾನ ಮೇಳದ ಮೊದಲ ಆಲ್ಬಮ್. ಆರು ಪದ್ಯ, ಹಾಡಿ ತಾಳ ಹಾಕುವ ಭಾಗವತಿಕೆ ಅಕ್ಕನದೇ. ಕೊಕ್ಕರ್ಣೆಯ ಅವರ ಮನೆಗೆ ಹೋಗಿ ರೆಕಾರ್ಡ್ ಮಾಡಿದ್ದು ನಾನು. ಮಿಕ್ಸಿಂಗ್ ಮಾತ್ರ ಇನ್ನೂ ನನ್ನದಾಗಿಲ್ಲ. ಮೊದಲು ಒಂದು ಪದ್ಯ ಮಾಡಿ ಕೇಳಿಸಬೇಕಂತೆ. ಹಿಡಿಸಿದರೆ ಉಳಿದದ್ದೂ ನನಗೆ, ಇಲ್ಲದಿದ್ದರೆ ಮಂಗಳೂರಿನ ಸ್ಟುಡಿಯೋಗೆ. ಮದುವೆ ವಿಡಿಯೋಗಳಿಗೆ ಹಾಡು ಅಂಟಿಸಿ ಅಂಟಿಸಿ ಸಾಕಾಗಿದೆ. ಈ ಆಲ್ಬಮ್ ನನಗೆ ಬೇಕು. ಬೇಕೇ ಬೇಕು!

ಇವತ್ತು ಒಂದು ಕಳ್ಳತನ ಹಿಡಿದೆ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಚಂಡೆಯ ಪೆಟ್ಟೆಲ್ಲ ಅಕ್ಕನ ತಾಳಕ್ಕಿಂತ ಚೂರು ಹಿಂದೆ. ಒಂದೊಂದನ್ನೂ ಎಳೆದು ತಾಳದ ಗೆರೆಗೆ ಕೂರಿಸಿದೆ. ಈಗ ನೋಡಲಿಕ್ಕೆ — ಆಹಾ, ಶಾಲೆ ಮಕ್ಕಳ ಅಸೆಂಬ್ಲಿ ಸಾಲು! ಮೀಟರ್ ಸದ್ದು ಒಡೆಯುವ ಕೆಂಪಿನ ಹತ್ತಿರವೂ ಸುಳಿಯುವುದಿಲ್ಲ. ಮಂಗಳೂರಿನವರು ಇಷ್ಟು ಮಾಡಿಯಾರಾ?

ಆಗಸ್ಟ್ 6. ಸಂಜೆ

ದೀಕ್ಷಾ ಬಂದಿದ್ದಳು. ಶಾಲೆಯಿಂದಲೂ ಗೆಳತಿ. ಅಕ್ಕನ ಮೇಳದಲ್ಲಿ ಹಾರಿ ಕುಣಿಯುವ ವೇಷಗಳೆಲ್ಲ ಅವಳವೇ. ಮೊದಲು ಸ್ಕ್ರೀನ್ ತೋರಿಸಿದೆ.

"ಲಾಯ್ಕ್ ಇತ್ತ್ ಮಾರಾಯ್ತಿ, ರಂಗೋಲಿ ಕಂಡಂಗೆ" ಅಂದಳು.

ಪ್ಲೇ ಒತ್ತಿದೆ. ಎದ್ದು ಎರಡು ಹೆಜ್ಜೆ ಹಾಕಿದವಳು ಹಾಗೇ ನಿಂತಳು.

"ಎಂತಾಯ್ತ್?"

"ಕಾಲ್ ಏಳ್ತಿಲ್ಲೆ."

"ಮೀನ್ ಊಟ ಜಾಸ್ತಿ ಆಯ್ತಾ?"

"ನೆಗಿ ಮಾಡ್ಬೇಡ. ನಾನ್ ಕಾಲ್ ಎತ್ತುವಷ್ಟ್ರಲ್ಲೇ ಚಂಡೆ ಬಂದ್ ಬೀಳ್ತ್. ಹಾರುಕೆ ಜಾಗವೇ ಇಲ್ಲೆ."

ವಾದ ಮಾಡಿದೆ. ಗೆರೆ ತೋರಿಸಿದೆ. ಇಷ್ಟು ನೆಟ್ಟಗಿದ್ದದ್ದು ತಪ್ಪು ಹೇಗಾಗುತ್ತದೆ?

"ನಾನ್ ಎಂತ ಗೆರೆ ಕಂಡ್ಕಂಡ್ ಕುಣುದಾ?" ಬ್ಯಾಗ್ ಎತ್ತಿಕೊಂಡು ಹೊರಟೇ ಹೋದಳು. ನಮ್ಮ ಕೋಟದ ಬಸ್ ಸ್ಟಾಪಿನವರೆಗೂ ತಿರುಗಿ ನೋಡಲಿಲ್ಲ. ಮೈಯೆಲ್ಲ ಉರಿಯಿತು ನನಗೆ. ಮಿಕ್ಸ್ ಮಾಡುವವಳು ನಾನೋ ಅವಳೋ?

ಆಗಸ್ಟ್ 8. ಬೆಳಿಗ್ಗೆ

ನಿನ್ನೆ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಭಾನುವಾರ ಕೇಳಿಸಬೇಕು... ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ನೋಡಿಯೇ ಬಿಡುವ ಅಂತ ಇವತ್ತು ಎದ್ದವಳೇ ಮುಟ್ಟದ ಮೂಲ ಟ್ರ್ಯಾಕುಗಳನ್ನು ತೆರೆದು, ಸ್ಕ್ರೀನಿಗೆ ಮೈ ಒರೆಸುವ ಬೈರಾಸು ಹೊದೆಸಿದೆ.

ಅಮ್ಮ ಇಣುಕಿದರು. "ಎಂತ, ಅದ್ಕ್ ಚಳಿ ಜ್ವರವಾ?"

ಕಣ್ಣು ಮುಚ್ಚಿ ಕೇಳಿದೆ. ಏನೂ ಹೊಳೆಯಲಿಲ್ಲ. ಕಡೆಗೆ ಬಾಗಿಲು ಹಾಕಿ, ದೀಕ್ಷಾಳ ಹಾಗೆ ಒಂದು ಹಾರು ಹಾರಿದೆ. ನನ್ನ ಕುಣಿತ ದೇವರಿಗೇ ಪ್ರೀತಿ. ಆದರೆ —

ಅಯ್ಯೋ! ತಾಳ ಬಿದ್ದಾಗ ಕಾಲು ನೆಲ ಬಿಡುತ್ತದೆ. ಇಳಿದಾಗ ಚಂಡೆ. ರೆಕಾರ್ಡಿಂಗ್ ದಿನ ಎದುರಿಗೆ ದೀಕ್ಷಾ ಕುಣಿಯುತ್ತಿದ್ದಳು, ಅವಳ ಕಾಲು ನೋಡಿಯೇ ಗಣಪಣ್ಣ ಚಂಡೆ ಬಾರಿಸಿದ್ದು! ಆ ಚೂರು ತಪ್ಪಲ್ಲ. ಅವಳು ಗಾಳಿಯಲ್ಲಿರುವ ಹೊತ್ತು ಅದು. ಅದನ್ನೇ ಅಳಿಸಿ ಹಾಕಿ, ಸಾಲು ನೆಟ್ಟಗಾಯಿತು ಅಂತ ಬೀಗಿದೆನಲ್ಲ, ಮಂಕುದಿಣ್ಣೆ!

ಅದೇ ದಿನ. ಸಂಜೆ

ಬೆರಳು ಸದ್ದು ಏರಿಸಿ ಇಳಿಸುವ ಫೇಡರ್ ಮೇಲೆ, ಕಣ್ಣು ಗೋಡೆ ಮೇಲೆ. ಎಂಥ ಮಜಾ! ಮದ್ದಳೆ ಏರಿಸಿದೆ, ಅಕ್ಕನ ಸ್ವರಕ್ಕೆ ಮೈ ಬಂತು. ಚಂಡೆ ಇಳಿಸಿದೆ — ಬೇಡ, ಮತ್ತೆ ಏರಿಸಿದೆ. ನಡುವೆ ಕಳ್ಳ ಬೆಕ್ಕಿನ ಹಾಗೆ ಮೀಟರ್ ನೋಡಲಿಕ್ಕೆ ಬೈರಾಸಿನ ತುದಿ ಎತ್ತಹೋದೆ. ಕೈಗೆ ನಾನೇ ಒಂದು ಕೊಟ್ಟೆ. ಸದ್ದು ಒಡೆದರೆ ಕಿವಿಗೆ ಗೊತ್ತಾಗುವುದಿಲ್ಲವಾ?

ಆಗಸ್ಟ್ 10, ಭಾನುವಾರ. ಕೊಕ್ಕರ್ಣೆ, ಅಕ್ಕನ ಜಗಲಿ

ಸುಮ್ಮನೆ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

"ಕಂಪ್ಯೂಟರ್ ತರ್ಲಿಲ್ಯಾ?" ಕೇಳಿದರು ಅಕ್ಕ.

"ಇಲ್ಲೆ ಅಕ್ಕ. ಕಾಂಬುಕೆ ಎಂತದೂ ಇಲ್ಲೆ."

ಸ್ಪೀಕರಿನಲ್ಲಿ ಪದ್ಯ ಹಾಕಿದೆ. ಅಕ್ಕ ಕಣ್ಣು ಮುಚ್ಚಿದ್ದಾರೆ. ಮುಖ ನೋಡಿದರೆ ಏನೂ ತಿಳಿಯದು. ದೀಕ್ಷಾ ಕಂಬಕ್ಕೆ ಒರಗಿದ್ದಾಳೆ, ನನ್ನ ಕಡೆ ಕಣ್ಣೇ ಹಾಯಿಸುವುದಿಲ್ಲ. ಇನ್ನೂ ಮುನಿಸು.

ಮುಗಿಯಿತು. ಅಕ್ಕ ಕಣ್ಣು ಬಿಟ್ಟರು, ನೇರ ನನ್ನ ಕಡೆಗೇ. ಸತ್ತೆ.

"ಹ್ವಾಯ್ ರಮಿತಾ, ಗಣಪಣ್ಣನ ಚಂಡೆಗ್ ಎಂತ ಮಾಡ್ದೆ?"

"ಎಂತದೂ ಮಾಡ್ಲಿಲ್ಲೆ ಅಕ್ಕ. ಅವ್ರ್ ಬಡ್ದಂಗೇ ಬಿಟ್ಟೆ."

"ಹಾಂ. ಉಳ್ದ ಐದೂ ಹೀಂಗೇ ಬಿಡ್."

ಐದೂ! ಐದೂ ನನ್ನವು! ಗುಡ್ಡೆ ಹತ್ತಿ ಕಿರುಚಬೇಕು ಅನ್ನಿಸುತ್ತಿದೆ. ದೀಕ್ಷಾಳಿಗೆ ಏನಾದರೂ ಹೇಳಬೇಕು, ಹೇಗೆ ಅಂತ ತಿಳಿಯುತ್ತಿಲ್ಲ. ಅಷ್ಟರಲ್ಲಿ ಅವಳೇ ಬಾಯಿ ಬಿಟ್ಟಳು: "ಇನ್ನೊಂದ್ ಸಲ ಹಾಕ್ ಕಾಂಬ."

ಹಾಕಿದೆ. ಎದ್ದಳು. ವೇಲ್ ಸೊಂಟಕ್ಕೆ ಬಿಗಿಯುತ್ತಿದ್ದಾಳೆ. ತಾಳ — ಹಾರಿದಳು! ಚಂಡೆ — ಇಳಿದಳು! ಜಗಲಿಯೆಲ್ಲ ದಡದಡ, ಅಕ್ಕ ಕೂತಲ್ಲೇ ತೊಡೆ ತಟ್ಟಿ ನಗುತ್ತಿದ್ದಾರೆ.

"ಬರುದ್ ಸಾಕ್, ಬಾ ಹೆಣೆ!"

ಇಲ್ಲ ಮಾರಾಯ್ತಿ, ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಅಯ್ಯೋ, ದೀಕ್ಷಾ ಪೆನ್ನು ಕಿತ್ತುಕೊಳ್ಳುತ್ತಿದ್ದಾ—